ಬೆಣ್ಣೆ ಕೈಯಲ್ಲಿದೆ, ಚೀಸಿನ ಜಾತ್ರೆ ಎಲ್ಲಿ?

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಊರೂರು ಅಲೆದರು ಎಂಬ ಗಾದೆ ಕನ್ನಡದಲ್ಲೂ ಉಂಟು, ತಮಿಳಿನಲ್ಲೂ ಉಂಟು. ಎರಡೂ ಭಾಷೆ ಬಲ್ಲ ಗಡಿಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಲ್ಲಡಂ ಸೀಮೆಯ ಹಾಲಿನ ವಿಚಾರಕ್ಕೆ ಬಂದರೆ ಈ ಗಾದೆ ಅಕ್ಷರಶಃ ನಿಜ. ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲೇ ಹೆಸರಾಂತ ಬೆಣ್ಣೆಯಿದೆ, ಹೆಸರಾಂತ ದನದ ತಳಿಯಿದೆ, ದನದ ಜಾತ್ರೆಯಿದೆ. ಕೊಯಮತ್ತೂರಿನಾಚೆ ನೀಲಗಿರಿ ಬೆಟ್ಟ ಹತ್ತಿದರೆ ಕೈಯಿಂದಲೇ ಮಾಡಿದ ಚೀಸೂ ಸಿಗುತ್ತದೆ. ಇಷ್ಟೆಲ್ಲ ಇದ್ದೂ ಚೀಸಿನ ಸಂತೆ, ಚೀಸಿನ ಜಾತ್ರೆ ಎಂದಾಕ್ಷಣ ನಾವು ಇಟಲಿ, ಫ್ರಾನ್ಸ್ ಕಡೆ ಮುಖ ಮಾಡುತ್ತೇವೆ.

'ಚೀಸಾ? ಅದೇನ್ರೀ ನಮಗೆ? ಪೇಟೆ ಹುಡುಗರು ಪಿಜ್ಜಾ ಮೇಲೆ ಹಾಕ್ಕೊಂಡು ತಿನ್ನೋ ಸಾಮಾನು' ಎಂದು ಯಾರಾದರೂ ನಗಬಹುದು. ನಗಲಿ. ಚೀಸು ಎಲ್ಲಿದೆ ಎಂದರೆ ಅಲ್ಲಿಗೆ ಹೊರಟು ನಿಲ್ಲುವ ನನ್ನಂಥವರ ಮಾತು ಹಾಗಿರಲಿ. ಹಾಲು ಕರೆದು ಡೇರಿಗೆ ಹಾಕುವವರಿಗೆ, ಬೆಣ್ಣೆ ತುಪ್ಪ ಮಾರುವವರಿಗೆ ಇದರಲ್ಲಿ ಹೊಟ್ಟೆಪಾಡಿನ ಪ್ರಶ್ನೆಯೊಂದಿದೆ. ನಮ್ಮ ಹಾಲಿಗೆ ಬೆಲೆ ಕಟ್ಟುವವರು ಯಾರು ಎಂಬುದೇ ಆ ಪ್ರಶ್ನೆ.

ಕೋಳಿಯ ದರ ಇಲ್ಲಿ, ಹಾಲಿನ ದರ ಎಲ್ಲಿ?

ಚಾಮರಾಜನಗರದಿಂದ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲದ ಮೇಲೆ ಹೋದರೆ ಕೊಂಗುನಾಡಿನ ಬಯಲು ತೆರೆದುಕೊಳ್ಳುತ್ತದೆ. ಪಲ್ಲಡಂ ಮೊದಲು ಕೊಯಮತ್ತೂರು ಜಿಲ್ಲೆಯಲ್ಲಿತ್ತು. 2009ರಲ್ಲಿ ತಿರುಪ್ಪೂರು ಜಿಲ್ಲೆಯಾದ ಮೇಲೆ ಅದರೊಳಗೆ ಸೇರಿತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿಯುವವರೆಗೆ ಕೊಯಮತ್ತೂರು ಸೀಮೆ ಮೈಸೂರಿಗೆ ಸೇರಿದ್ದು. ಇಲ್ಲಿನ ನೇಯ್ಗೆಯ ಊರುಗಳಲ್ಲಿ ದೇವಾಂಗರ ಮನೆಗಳಿವೆ, ಚೌಡೇಶ್ವರಿಯ ಗುಡಿಗಳಿವೆ, ಮನೆಯೊಳಗೆ ಕನ್ನಡ ಇನ್ನೂ ಉಸಿರಾಡುತ್ತಿದೆ. ಹೊರಗೆ ಪವರ್‌ಲೂಮಿನ ಸದ್ದು, ಪಾಲಕ್ಕಾಡ್ ಕಣಿವೆಯಿಂದ ಬೀಸುವ ಗಾಳಿಗೆ ತಿರುಗುವ ಗಾಳಿಯಂತ್ರಗಳು, ಸಾಲುಸಾಲು ಕೋಳಿ ಶೆಡ್ಡುಗಳು.

ಕೋಳಿಯ ವಿಚಾರದಲ್ಲಿ ಪಲ್ಲಡಂ ದೊಡ್ಡ ಹೆಸರು. ರೈತನ ಶೆಡ್ಡಿಗೆ ಕಂಪನಿಯೇ ಮರಿ, ಮೇವು, ಔಷಧಿ ಕೊಟ್ಟು ಸಾಕಣೆಗೆ ಕೂಲಿ ಕೊಡುವ ಕರಾರು ಪದ್ಧತಿ 1990ರ ದಶಕದಲ್ಲಿ ಈ ಭಾಗದಲ್ಲೇ ಬೇರುಬಿಟ್ಟಿತು. ಪಲ್ಲಡಂನ ಬ್ರಾಯ್ಲರ್ ಸಮನ್ವಯ ಸಮಿತಿ ಹೇಳುವ ಫಾರಂ ದರಕ್ಕೆ ದೂರದ ವ್ಯಾಪಾರಿಗಳೂ ಕಿವಿಗೊಡುತ್ತಾರೆ. ಅಂದರೆ ಕೋಳಿಗೆ ಬೆಲೆ ಹೇಳುವ ಬಾಯಿ ಈ ಊರಿನಲ್ಲೇ ಇದೆ.

ಹಾಲಿಗೆ ಆ ಭಾಗ್ಯವಿಲ್ಲ. ಕ್ಯಾನಿಗೆ ಸುರಿದ ಕೂಡಲೇ ಹಾಲು ತನ್ನ ಊರನ್ನು ಮರೆಯುತ್ತದೆ. ಯಾವ ಹಸು, ಯಾವ ಮೇವು, ಯಾರ ಕೊಟ್ಟಿಗೆ ಎಂದು ಕೇಳುವವರಿಲ್ಲ. 'ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು' ಇಷ್ಟೇ ಲೆಕ್ಕ. ಈ ಲೆಕ್ಕ ಬೇಡ ಎನ್ನಲಾಗದು. ಅಳತೆಯಿಲ್ಲದ ಕಾಲದಲ್ಲಿ ರೈತನಿಗೆ ಇದಕ್ಕಿಂತ ಹೆಚ್ಚು ಮೋಸವಾಗುತ್ತಿತ್ತು. ಆದರೆ ಹಾಲು ಸಂಜೆಯವರೆಗೆ ಕಾಯುವುದಿಲ್ಲ. ಹೇಳಿದ ದರಕ್ಕೆ ಕೊಡದೆ ವಿಧಿಯಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಚಹಾ ಅಂಗಡಿ, ಹೋಟೆಲುಗಳಿಗೆ ಬೀಗ ಬಿದ್ದಾಗ ಇದರ ಬಿಸಿ ಎಲ್ಲರಿಗೂ ತಟ್ಟಿತು. ಹೋಟೆಲು ಮುಚ್ಚಿತೆಂದು ಹಸು ಹಾಲು ಕೊಡುವುದನ್ನು ನಿಲ್ಲಿಸುತ್ತದೆಯೇ?

ಊತ್ತುಕುಳಿ ಕಲಿಸುವ ಪಾಠ

ತಿರುಪ್ಪೂರಿನಿಂದ ಈರೋಡಿಗೆ ಹೋಗುವ ರೈಲು ಹಾದಿಯಲ್ಲಿ ಊತ್ತುಕುಳಿ ಎಂಬ ಊರಿದೆ. ತಮಿಳುನಾಡಿನಲ್ಲಿ 'ಊತ್ತುಕುಳಿ ವೆಣ್ಣೈ' ಎಂದರೆ ಸಾಕು, ಬೇರೆ ವಿವರ ಬೇಡ. ನಮ್ಮ ಕಡೆ ದಾವಣಗೆರೆಯ ಹೆಸರು ಬೆಣ್ಣೆ ದೋಸೆಗೆ ಅಂಟಿಕೊಂಡ ಹಾಗೆ, ಅಲ್ಲಿ ಬೆಣ್ಣೆಗೇ ಊರಿನ ಹೆಸರು ಅಂಟಿದೆ. ಹಾಲು ತಂಪು ಮಾಡುವ ಯಂತ್ರ, ಟ್ಯಾಂಕರ್ ಲಾರಿ ಇಲ್ಲದ ಕಾಲದಲ್ಲಿ ಒಣಭೂಮಿಯ ರೈತ ಹಾಲನ್ನು ಪೇಟೆಗೆ ಮುಟ್ಟಿಸುವ ಹಾಗಿರಲಿಲ್ಲ. ಮನೆಯಲ್ಲಿ ಕಡೆದು ಬೆಣ್ಣೆ ಮಾರಿದರು, ಮಜ್ಜಿಗೆ ಮನೆಗಾಯಿತು. ಕೆಡುವ ವಸ್ತುವನ್ನು ಕೆಲವು ದಿನ ಕಾಯುವ ವಸ್ತುವಾಗಿ ಮಾಡಿದಾಗ ಮಾರುವವನ ಕೈಗೆ ಒಂದಿಷ್ಟು ಬಲ ಬಂತು. ಅದರ ಜತೆಗೆ ಊರಿನ ಹೆಸರೂ ಬೆಳೆಯಿತು.

ಬೆಣ್ಣೆ ಎಂಬ ಮಾತನ್ನೇ ನೋಡಿ. ಬೆಳ್ ಎಂದರೆ ಬಿಳುಪು, ನೆಯ್ ಎಂದರೆ ತುಪ್ಪ. ಬೆಳ್ಳನೆಯ ನೆಯ್ಯೇ ಬೆಣ್ಣೆ. ತಮಿಳಿನ ವೆಣ್ಣೈ ಕೂಡ ಅದೇ. ಬೆಣ್ಣೆಗೆ ಎರಡು ಭಾಷೆಗೂ ಒಂದೇ ಮಾತಿದೆ. ಚೀಸಿಗೆ ಮಾತ್ರ ಎರಡು ಭಾಷೆಯಲ್ಲೂ ಮನೆಯ ಮಾತಿಲ್ಲ. ತಮಿಳಿನ ಪುಸ್ತಕದವರು 'ಪಾಲಾಡೈಕ್ಕಟ್ಟಿ' ಎಂದು ಬರೆಯುತ್ತಾರೆ, ನಮ್ಮ ನಿಘಂಟಿನವರು 'ಗಿಣ್ಣು' ಎನ್ನುತ್ತಾರೆ. ಅಂಗಡಿಯಲ್ಲಿ ಇಬ್ಬರೂ ಕೇಳುವುದು ಚೀಸನ್ನೇ.

ಗಿಣ್ಣು ಬಲ್ಲವರಿಗೆ ಚೀಸು ದೂರವಲ್ಲ

ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣು ಆಗುತ್ತದೆ. ತಮಿಳಿನಲ್ಲಿ ಆ ಹಾಲಿಗೆ 'ಸೀಂಬಾಲ್' ಎನ್ನುತ್ತಾರೆ. ಏನೂ ಬೆರೆಸದಿದ್ದರೂ ಅದು ಗಟ್ಟಿಯಾಗುತ್ತದೆ. ಆ ಹಾಲಿನಲ್ಲಿ ಪ್ರೋಟೀನು ಅಷ್ಟು ಹೆಚ್ಚು, ಶಾಖ ತಾಗಿದರೆ ಹೆಪ್ಪುಗಟ್ಟುತ್ತದೆ. ಚೀಸಿನ ದಾರಿ ಸ್ವಲ್ಪ ಬೇರೆ. ಹದವಾಗಿ ಬಿಸಿ ಮಾಡಿದ ಸಾದಾ ಹಾಲಿಗೆ ಮೊಸರಿನಂತೆ ಹೆಪ್ಪು ಹಾಕಿ, ಮೇಲೆ ರೆನೆಟ್ ಎಂಬ ಕಿಣ್ವವನ್ನು ಹನಿಸುತ್ತಾರೆ. ಹಾಲು ಗಟ್ಟಿಯಾದ ಮೇಲೆ ಅದನ್ನು ಕತ್ತರಿಸಿ, ನೀರು ಬಸಿದು, ಉಪ್ಪು ಹಾಕಿ, ಅಚ್ಚಿನಲ್ಲಿ ಒತ್ತಿ, ತಂಪಿನ ಕೋಣೆಯಲ್ಲಿ ಮಾಗಲು ಇಡುತ್ತಾರೆ. ನಿಂಬೆರಸ ಹಿಂಡಿ ಹಾಲೊಡೆಸಿದರೆ ಪನೀರು. ರೆನೆಟ್ ಹಾಕಿ ಹೆಪ್ಪು ಕಟ್ಟಿಸಿ ಮಾಗಿಸಿದರೆ ಚೀಸು. ಪನೀರು ಇವತ್ತಿನ ಸಾಮಾನು, ಚೀಸು ಮುಂದಿನ ತಿಂಗಳಿನದು.

ರೆನೆಟ್ ಎಂದರೆ ಕರುವಿನ ಹೊಟ್ಟೆಯಿಂದ ತೆಗೆದದ್ದಲ್ಲವೇ ಎಂದು ಸಸ್ಯಾಹಾರಿಗಳು ಹಿಂಜರಿಯುವುದುಂಟು. ಹಳೆಯ ಪದ್ಧತಿ ಅದೇ. ಈಗ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಇದೆ, ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವುದು ಅದನ್ನೇ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿಕೊಂಡರೆ ಅನುಮಾನವಿಲ್ಲ.

ಎಮ್ಮೆ ಹಾಲಿನ ಬಗ್ಗೆಯೂ ಒಂದು ಮಾತು. ಎಮ್ಮೆ ಹಾಲಿನಿಂದ ಹಾಲಿನ ಪುಡಿ ಆಗದು ಎಂದು ಪರದೇಶದ ತಜ್ಞರು ಕೈಚೆಲ್ಲಿದ್ದ ಕಾಲದಲ್ಲಿ, ಆಣಂದದಲ್ಲಿ ಕುರಿಯನ್ ಅವರ ಒಡನಾಡಿ ಎಚ್. ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ನೆಹರೂ ಆ ಕಾರ್ಖಾನೆಯನ್ನು ಉದ್ಘಾಟಿಸಿದರು. ಆಮೇಲೆ ಎಮ್ಮೆ ಹಾಲಿನ ಚೀಸೂ ಅಲ್ಲಿಂದಲೇ ಬಂತು. ಇಟಲಿಯಲ್ಲಂತೂ ಹೆಸರುವಾಸಿ ಮೊಜರೆಲ್ಲಾ ಎಮ್ಮೆ ಹಾಲಿನದೇ. ಹಾಗಾಗಿ 'ನಮ್ಮ ಎಮ್ಮೆ ಹಾಲು ಅದಕ್ಕೆಲ್ಲ ಆಗಲ್ಲ' ಎಂಬ ಮಾತು ನಿಲ್ಲುವುದಿಲ್ಲ.

ಬೆಟ್ಟದಿಂದ ಬೆಂಗಳೂರಿಗೆ

ಈ ಭಾಗದಲ್ಲಿ ಚೀಸಿನ ರುಚಿ ಮೊದಲು ಹತ್ತಿದ್ದು ನೀಲಗಿರಿಯ ಬೆಟ್ಟಗಳಲ್ಲಿ. ಬ್ರಿಟಿಷರು ಊಟಿ, ಕೂನೂರುಗಳಲ್ಲಿ ಮನೆ ಮಾಡಿದಾಗ ಬೆಣ್ಣೆ, ಚೀಸಿಗೆ ಗಿರಾಕಿಗಳು ಹುಟ್ಟಿದರು. ಕೊಯಮತ್ತೂರಿನಿಂದ ಬೆಟ್ಟಕ್ಕೆ ಅಂಚೆ ಹೊತ್ತು ನಡೆಯುತ್ತಿದ್ದ ಮುದಲಿಯಾರ್ ಮನೆತನದವರು ಇಂಗ್ಲಿಷರೊಬ್ಬರ ಬೆಣ್ಣೆ ವ್ಯಾಪಾರವನ್ನು ಕೊಂಡು 1905ರಲ್ಲಿ ನೀಲ್‌ಗಿರೀಸ್ ಡೇರಿ ಫಾರಂ ಆರಂಭಿಸಿದರು. 1936ರಲ್ಲಿ ಅದು ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂತು. ಬೆಂಗಳೂರಿನ ಹಳಬರಿಗೆ ಬೆಣ್ಣೆ, ಬ್ರೆಡ್ಡು, ಚೀಸು ಎಂದರೆ ಆ ಅಂಗಡಿಯೇ ನೆನಪಿಗೆ ಬರುತ್ತದೆ. ಹಾಲಿನ ಪದಾರ್ಥಕ್ಕೆ ರಾಜ್ಯದ ಗಡಿ ಅಡ್ಡ ಬಂದದ್ದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಚಿನ ಕಥೆಯೂ ಇದೆ. 1988ರಲ್ಲಿ 'ಕಯಾಮತ್ ಸೆ ಕಯಾಮತ್ ತಕ್' ಎಂಬ ಹಿಂದಿ ಚಿತ್ರ ಮಾಡಿ ಹೆಸರಾದ ಮನ್ಸೂರ್ ಖಾನ್ 2003ರಲ್ಲಿ ಮುಂಬೈ ಬಿಟ್ಟು ಕೂನೂರಿಗೆ ಬಂದರು. ಅಲ್ಲಿ 'ಏಕರ್ಸ್ ವೈಲ್ಡ್' ಎಂಬ ತೋಟದಲ್ಲಿ ಮನೆಮಂದಿ ಸೇರಿ ಹಸು ಕಟ್ಟಿ, ಚೀಸು ಮಾಡಿ, ಕಲಿಯಬಂದವರಿಗೆ ಕಲಿಸಿದ್ದಾರೆ. ಬೆಂಗಳೂರಿನಲ್ಲಿ ವಲ್ಲೊಂಬ್ರೊಸ ಪಂಥದ ಬೆನೆಡಿಕ್ಟೈನ್ ಮಠದ ಪಾದ್ರಿಗಳು ಇಟಲಿಯಲ್ಲಿ ಕಲಿತ ವಿದ್ಯೆಯಿಂದ ಮೊಜರೆಲ್ಲಾ ಮಾಡಿ ಹೋಟೆಲುಗಳಿಗೆ ಕೊಟ್ಟರು. ಇತ್ತ ಈರೋಡು ಜಿಲ್ಲೆಯ ಪೆರುಂದುರೈಯಲ್ಲಿ ಮಿಲ್ಕಿ ಮಿಸ್ಟ್ ಕಂಪನಿ ಹಾಲಿನ ಪೊಟ್ಟಣಕ್ಕಿಂತ ಪನೀರು, ಮೊಸರು, ಚೀಸುಗಳನ್ನೇ ನಂಬಿ ದೊಡ್ಡದಾಯಿತು. ಸಣ್ಣವರೂ ದೊಡ್ಡವರೂ ಕಂಡುಕೊಂಡ ಸತ್ಯ ಒಂದೇ. ಹಾಲನ್ನು ಹಾಲಾಗಿ ಮಾರುವುದರಲ್ಲಿ ಲಾಭ ಕಡಿಮೆ.

ಜಾತ್ರೆ ಮಾಡುವ ಕೆಲಸ

ಇಟಲಿಯ ಪಿಯೆಮಾಂಟ್ ಪ್ರಾಂತ್ಯದಲ್ಲಿ ಬ್ರಾ ಎಂಬ ಸಣ್ಣ ಪಟ್ಟಣವಿದೆ. ಸ್ಲೋ ಫುಡ್ ಸಂಘಟನೆಯವರು 1997ರಿಂದ ಎರಡು ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಅಲ್ಲಿ ಚೀಸಿನ ಜಾತ್ರೆ ನಡೆಸುತ್ತಾರೆ. ಬೀದಿಗಳೇ ಅಂಗಡಿಗಳಾಗುತ್ತವೆ. ಚೀಸು ಮಾಡಿದವರೇ ಮೇಜಿನ ಹಿಂದೆ ನಿಂತು ತುಂಡು ಕತ್ತರಿಸಿ ಕೊಡುತ್ತಾರೆ. ಬಂದವರು 'ಯಾವ ಹಸು, ಯಾವ ಹುಲ್ಲುಗಾವಲು, ಎಷ್ಟು ತಿಂಗಳು ಮಾಗಿದ್ದು' ಎಂದು ಕೇಳಿ ಕೇಳಿ ತಿನ್ನುತ್ತಾರೆ. 2017ರ ಜಾತ್ರೆಯಿಂದ ಕಾಯಿಸದ ಹಾಲಿನಲ್ಲಿ ಮಾಡಿದ ಚೀಸಿಗೆ ಮಾತ್ರ ಅಲ್ಲಿ ಜಾಗ. ಅಂಥ ಹಾಲಿನಲ್ಲಿ ಆಯಾ ನೆಲದ ಗುಣ ಉಳಿಯುತ್ತದೆ ಎಂಬುದು ಅವರ ವಾದ.

ಅದೇ ದೇಶದ ಪಾರ್ಮ, ರೆಜಿಯೋ ಎಮಿಲಿಯಾ ಸುತ್ತಿನ ಚೀಸಿಗೆ ಊರುಗಳ ಹೆಸರೇ ಬಿದ್ದು ಪಾರ್ಮಿಜಾನೋ ರೆಜಿಯಾನೋ ಎನಿಸಿತು. ಒಂದೊಂದು ಗಾಲಿ ಸುಮಾರು 40 ಕಿಲೋ ತೂಗುತ್ತದೆ, ಅದಕ್ಕೆ ಸುಮಾರು 500 ಲೀಟರ್ ಹಾಲು ಬೇಕು. ಕನಿಷ್ಠ 12 ತಿಂಗಳು ಮಾಗಬೇಕು. ಅಷ್ಟು ದಿನ ರೈತ ಏನು ತಿನ್ನಬೇಕು? ಕ್ರೆಡೆಮ್ ಎಂಬ ಅಲ್ಲಿನ ಬ್ಯಾಂಕು 1953ರಿಂದ ಚೀಸಿನ ಗಾಲಿಗಳನ್ನೇ ಅಡವಿಟ್ಟುಕೊಂಡು ಸಾಲ ಕೊಡುತ್ತಿದೆ. ಬ್ಯಾಂಕಿನ ಗೋದಾಮಿನಲ್ಲಿ ಚೀಸು ಮಾಗುತ್ತದೆ, ಇತ್ತ ರೈತನ ಸಂಸಾರ ನಡೆಯುತ್ತದೆ. ಈರೋಡಿನಲ್ಲಿ ಅರಿಶಿನದ ಮೂಟೆ ಗೋದಾಮಿಗೆ ಹಾಕಿ, ರಸೀತಿ ತೋರಿಸಿ ಸಾಲ ತೆಗೆದು, ದರ ಬರುವವರೆಗೆ ಕಾಯುವ ನಮ್ಮ ವ್ಯಾಪಾರಿಗಳಿಗೆ ಇದು ಬಲು ಸುಲಭವಾಗಿ ಅರ್ಥವಾದೀತು.

ಚೀಸಿನ ಜಾತ್ರೆ ಎಂದರೆ ತಿಂದು ಹೋಗುವ ಮೋಜಷ್ಟೇ ಅಲ್ಲ. ಹಾಲಿಗೆ ಊರಿನ ಹೆಸರು ಕೊಟ್ಟು, ಆ ಹೆಸರಿಗೆ ಬೆಲೆ ಕೇಳುವ ಕೆಲಸ ಅಲ್ಲಿ ನಡೆಯುತ್ತದೆ.

ರುಚಿ ನೋಡುವ ಬಗೆ

ಇಂಥ ಮೇಜಿನ ಮುಂದೆ ನಿಂತಾಗ ಅವಸರ ಮಾಡಬಾರದು. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಚೀಸಿಗೆ ರುಚಿಯಿರುವುದಿಲ್ಲ. ಅರ್ಧ ಗಂಟೆಯಾದರೂ ಹೊರಗಿರಬೇಕು. ಸಪ್ಪೆಯದರಿಂದ ಶುರುಮಾಡಿ ಖಾರದ ಕಡೆಗೆ, ಹಸಿಯದರಿಂದ ಹಳೆಯದರ ಕಡೆಗೆ ಹೋಗಬೇಕು. ಮೊದಲು ಮೊಜರೆಲ್ಲಾದಂಥ ಹಸಿ ಚೀಸು. ಅದು ಬೆಳಗಿನ ಹಾಲಿನ ವಾಸನೆ ಉಳಿಸಿಕೊಂಡಿರುತ್ತದೆ, ಹಲ್ಲಿಗೆ ಮೃದುವಾಗಿ ಎಳೆಯುತ್ತದೆ. ಆಮೇಲೆ ಉಪ್ಪುನೀರಿನಲ್ಲಿಟ್ಟ ಫೆಟಾ. ರಾಗಿ ರೊಟ್ಟಿಯ ಬಿಸಿಗೆ ಇದನ್ನು ಉದುರಿಸಿ ತಿಂದು ನೋಡಿ, ಉಪ್ಪಿನಕಾಯಿ ಬೇಡವೆನಿಸುತ್ತದೆ. ನಂತರ ಗೌಡಾ. ಹೆಸರು ಕೇಳಿ ನಮ್ಮ ಗೌಡರದ್ದೇ ಅಂದ್ಕೋಬೇಡಿ, ಅದು ಹಾಲೆಂಡಿನ ಊರು. ಕೊನೆಗೆ ಹಳೆಯ ಚೆಡಾರ್. ಬಾಯಲ್ಲಿಟ್ಟರೆ ಮೊದಲು ಉಪ್ಪು, ಆಮೇಲೆ ಹುಳಿ, ಕಟ್ಟಕಡೆಗೆ ಹುರಿದ ಶೇಂಗಾದಂಥ ಒಂದು ಘಮ. ನಡುನಡುವೆ ಒಂದು ಗುಟುಕು ಬಿಸಿನೀರು ಕುಡಿದರೆ ನಾಲಿಗೆ ಮತ್ತೆ ಹೊಸದಾಗುತ್ತದೆ.

ಗಂಧಕ್ಕೆ ಮುಖ ಸಿಂಡರಿಸುವವರಿಗೆ ಒಂದು ಮಾತು: ಮೊದಲ ಸಲ ಹಲಸಿನ ಹಣ್ಣಿನ ವಾಸನೆ ಬಂದಾಗ ಪರದೇಶದವರೂ ಹಾಗೇ ಮಾಡುತ್ತಾರೆ.

ಲೆಕ್ಕ ಮೊದಲು, ಆಸೆ ಆಮೇಲೆ

ಹಂಗಂತ ನಾಳೆಯೇ ಹಸು ಮಾರಿ ಚೀಸಿನ ಅಚ್ಚು ತರುವುದಲ್ಲ. ಗಟ್ಟಿ ಚೀಸು ಒಂದು ಕಿಲೋಗೆ ಹಸುವಿನ ಹಾಲು ಸುಮಾರು 10 ಲೀಟರ್ ಬೇಕು. ಲೆಕ್ಕಕ್ಕೆ ಹಾಲಿನ ಬೆಲೆ ಲೀಟರಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 100 ಲೀಟರ್ ಹಾಕಿದರೆ 10 ಕಿಲೋ ಚೀಸು. ಮೂರು ತಿಂಗಳು ಮಾಗಿಸುವುದಾದರೆ ಮೊದಲ ತುಂಡು ಮಾರುವ ಹೊತ್ತಿಗೆ ಕೋಣೆಯಲ್ಲಿ 900 ಕಿಲೋ ಕೂತಿರುತ್ತದೆ. ಹಾಲಿನ ದುಡ್ಡೇ 3 ಲಕ್ಷ 60 ಸಾವಿರ ರೂಪಾಯಿ ಸಿಕ್ಕಿಬೀಳುತ್ತದೆ. ಕರೆಂಟು, ಕೂಲಿ, ಬಾಡಿಗೆ ಬೇರೆ. ಸಾಲ ಮಾಡಿ ಮಾಡುವವರು ಬಡ್ಡಿಯನ್ನೂ ಸೇರಿಸಿಕೊಳ್ಳಬೇಕು.

ಎರಡನೆಯದು ತಂಪು. ಚೀಸು ಮಾಗುವ ಕೋಣೆ 10ರಿಂದ 13 ಡಿಗ್ರಿಯೊಳಗಿರಬೇಕು, ಒಳಗೆ ತೇವವೂ ಬೇಕು. ಸುಮಾರು 1,850 ಮೀಟರ್ ಎತ್ತರದ ಕೂನೂರಿಗೆ ಪ್ರಕೃತಿಯೇ ಅರ್ಧ ತಂಪು ಕೊಟ್ಟಿದೆ. ಪಲ್ಲಡಂನ ಚಿತ್ತಿರೈ ಬಿಸಿಲಿಗೆ ಯಂತ್ರವೇ ಗತಿ. ಆದ್ದರಿಂದ ಬಯಲಿನವರು ಮೊದಲು ಪನೀರು, ಮೊಜರೆಲ್ಲಾ, ಫೆಟಾದಂಥ ಹಸಿ ಚೀಸಿನಿಂದ ಶುರುಮಾಡುವುದು ಜಾಣತನ.

ಮೂರನೆಯದು ಬಸಿದ ನೀರು. 100 ಲೀಟರ್ ಹಾಲಿನಲ್ಲಿ ಸುಮಾರು 90 ಲೀಟರ್ ನೀರಾಗಿ ಹೊರಬರುತ್ತದೆ. ಅದನ್ನು ಹಳ್ಳಕ್ಕೆ ಬಿಟ್ಟರೆ ನೀರಿನೊಳಗಿನ ಉಸಿರನ್ನೇ ಹೀರಿಬಿಡುತ್ತದೆ. ನೊಯ್ಯಲ್ ನದಿಯನ್ನು ಬಣ್ಣದ ನೀರು ಏನು ಮಾಡಿತು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಡೈಯಿಂಗ್ ಘಟಕಗಳಿಗೆ ಯಾಕೆ ಬೀಗ ಹಾಕಿಸಿತು ಎಂಬುದನ್ನು ಈ ಸೀಮೆಯವರಿಗೆ ನೆನಪಿಸಬೇಕಿಲ್ಲ. ಬಸಿದ ನೀರನ್ನು ದನದ ಕಲಗಚ್ಚಿಗೆ ಬಳಸಬಹುದು, ಕಾಯಿಸಿ ರಿಕೊಟ್ಟಾ ಎಂಬ ಮೆದು ಚೀಸು ತೆಗೆಯಬಹುದು. ದಾರಿ ಮೊದಲೇ ಯೋಚಿಸಿರಬೇಕು.

ನಾಲ್ಕನೆಯದು ನಕಲಿ. ತಾಳೆಣ್ಣೆ ಬೆರೆಸಿ ಮಾಡಿದ 'ಅನಲಾಗ್' ಸರಕು ಪನೀರು, ಚೀಸಿನ ವೇಷದಲ್ಲಿ ಅರ್ಧ ಬೆಲೆಗೆ ಬರುತ್ತದೆ. ಅದನ್ನು ಪನೀರು, ಚೀಸು ಎಂಬ ಹೆಸರಿನಲ್ಲಿ ಮಾರಕೂಡದು ಎಂಬುದು ಆಹಾರ ಸುರಕ್ಷತೆಯ ನಿಯಮ. ವ್ಯಾಪಾರಿಗಳು ಈ ಬಲೆಗೆ ಬಿದ್ದರೆ ನಿಜವಾದ ಹಾಲಿನವನು ತಲೆಯೆತ್ತಲಾರ.

ಹೆಸರಿರುವ ದನ, ಹೆಸರಿಲ್ಲದ ಹಾಲು

ಪ್ರತಿ ವರ್ಷ ಚಿತ್ತಿರೈ ತಿಂಗಳಲ್ಲಿ, ಅಂದರೆ ಏಪ್ರಿಲ್-ಮೇ ಹೊತ್ತಿಗೆ, ವೆಳ್ಳಕೋವಿಲ್ ಸಮೀಪದ ಕಣ್ಣಪುರಂನಲ್ಲಿ ಮಾರಿಯಮ್ಮನ ಹಬ್ಬದ ಜತೆ ದನದ ಜಾತ್ರೆ ಸೇರುತ್ತದೆ. ಕಾಂಗೇಯಂ ತಳಿಗೆ ಅದೇ ದೊಡ್ಡ ಸಂತೆ. ಕಾಂಗೇಯಂ ಕರು ಹುಟ್ಟುವಾಗ ಕೆಂಪು, ಬೆಳೆದಂತೆ ಬೂದು. 'ಕೊರಂಗಾಡು' ಎಂದು ಕರೆಯುವ, ಮುಳ್ಳುಬೇಲಿಯೊಳಗಿನ ಒಣ ಹುಲ್ಲುಗಾವಲಿನಲ್ಲಿ ಬಿಳಿಜಾಲಿ ಮರದ ನೆರಳಲ್ಲಿ ಮೇಯುವ ದನ ಅದು. ಹಾಲು ದಿನಕ್ಕೆ ಎರಡು ಮೂರು ಲೀಟರ್, ಅಷ್ಟೇ. ಟ್ರ್ಯಾಕ್ಟರು ಬಂದ ಮೇಲೆ ಎತ್ತಿಗೆ ಕೆಲಸ ತಪ್ಪಿತು, ಸಾಕುವವರೂ ಕಡಿಮೆಯಾದರು. 2017ರ ಜಲ್ಲಿಕಟ್ಟು ಚಳವಳಿ, 2023ರ ಮೇ ತಿಂಗಳಲ್ಲಿ ಜಲ್ಲಿಕಟ್ಟು, ನಮ್ಮ ಕಂಬಳ ಎರಡರ ಕಾನೂನನ್ನೂ ಎತ್ತಿಹಿಡಿದ ಸುಪ್ರೀಂ ಕೋರ್ಟು ತೀರ್ಪು ಹೋರಿಗೆ ಮರ್ಯಾದೆ ತಂದವು. ಹಸುವಿನ ಹಾಲಿಗೆ ಅಂಥ ಮರ್ಯಾದೆ ತರುವವರು ಯಾರು? ಎರಡು ಲೀಟರ್ ಹಾಲನ್ನು ಡೇರಿಯ ದರಕ್ಕೆ ಹಾಕಿ ಈ ಹಸುವನ್ನು ಉಳಿಸಲಾಗದು. ಅದೇ ಹಾಲು ಹೆಸರುಳ್ಳ ಬೆಣ್ಣೆಯೋ ತುಪ್ಪವೋ ಚೀಸೋ ಆಗಿ ಮಾರಾಟವಾದರೆ ಮಾತ್ರ ಲೆಕ್ಕ ಕೂಡೀತು.

ಅಂತಿಯೂರಿನ ಮೇಲಿನ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕುವ ಕಂದು-ಬಿಳಿ ಮಚ್ಚೆಯ ಬರಗೂರು ದನಗಳದ್ದೂ ಇದೇ ಪಾಡು. ಕಾಡಿನಲ್ಲಿ ದೊಡ್ಡಿ ಹಾಕಿ ಮೇಯಿಸುವುದು ಅಲ್ಲಿನ ಹಳೆಯ ವಾಡಿಕೆ. 2024ರಲ್ಲಿ ಅಲ್ಲಿ ತಂದೆ ಪೆರಿಯಾರ್ ವನ್ಯಧಾಮ ಘೋಷಣೆಯಾದ ಮೇಲೆ ಮೇವಿನ ಚಿಂತೆ ಹೆಚ್ಚಿದೆ. ಆ ತುಪ್ಪಕ್ಕೂ ಬೆಟ್ಟದ ಹೆಸರು ಸಿಕ್ಕಿ ಬೆಲೆ ಬಂದರೆ, ದನದ ಪರವಾಗಿ ಮಾತಾಡುವವರ ದನಿಗೂ ತೂಕ ಬರುತ್ತದೆ.

ಹೆಸರು ಕಾಯಲು ಕಾನೂನಿದೆ. ಭೌಗೋಳಿಕ ಗುರುತಿನ ಕಾಯಿದೆ 1999ರಲ್ಲಿ ಬಂತು, 2003ರಲ್ಲಿ ಜಾರಿಯಾಯಿತು. ಧಾರವಾಡ ಪೇಡೆ, ಶ್ರೀವಿಲ್ಲಿಪುತ್ತೂರಿನ ಪಾಲ್ಕೋವಾ, ಈರೋಡಿನ ಅರಿಶಿನ ಆ ಗುರುತು ಪಡೆದಿವೆ. ಆದರೆ ಕಾಗದ ಹೆಸರನ್ನು ಕಾಯುತ್ತದೆಯೇ ಹೊರತು ಬೆಳೆಸುವುದಿಲ್ಲ. ಬೆಳೆಸುವುದು ಜಾತ್ರೆ, ಸಂತೆ, ಬಾಯಿಮಾತು.

ಅದಕ್ಕೆ ಹೊಸ ಜಾತ್ರೆ ಹುಟ್ಟುಹಾಕಬೇಕಾಗಿಲ್ಲ. ಕಣ್ಣಪುರಂನ ದನದ ಜಾತ್ರೆಯ ಒಂದು ಬದಿಯಲ್ಲಿ ನೆರಳು ಹಾಕಿ ಹತ್ತು ಮೇಜು ಇಟ್ಟರೆ ಸಾಕು. ಒಂದರ ಮೇಲೆ ಊತ್ತುಕುಳಿ ಬೆಣ್ಣೆ, ಒಂದರ ಮೇಲೆ ಬರಗೂರಿನ ತುಪ್ಪ, ಇನ್ನೊಂದರ ಮೇಲೆ ಕೂನೂರಿನ ಚೀಸು, ಮತ್ತೊಂದರಲ್ಲಿ ಬೆಂಗಳೂರಿನ ಮೊಜರೆಲ್ಲಾ, ಚಾಮರಾಜನಗರದ ಕಡೆಯಿಂದ ಬಂದವರ ಗಿಣ್ಣು. ಮಾಡಿದವರೇ ನಿಂತು ಮಾರಲಿ. ಮೇಜಿನ ಮೇಲೆ ಮೂರೇ ವಿಷಯ ಬರೆದಿರಲಿ: ಊರು, ದನ, ಮಾಡಿದ ದಿನ. ಕನ್ನಡದಲ್ಲೂ ತಮಿಳಿನಲ್ಲೂ ಬರೆದಿರಲಿ. ದನಕ್ಕೆ ಹಲ್ಲು ನೋಡಿ, ಸುಳಿ ನೋಡಿ ಬೆಲೆ ಕಟ್ಟಬಲ್ಲ ಜನ ಬೆಣ್ಣೆ, ಚೀಸಿಗೂ ಬಾಯಲ್ಲಿಟ್ಟು ನೋಡಿ ಬೆಲೆ ಕಟ್ಟುತ್ತಾರೆ. ಕೋಳಿಗೆ ದರ ಹೇಳುವ ಊರು ಪಕ್ಕದಲ್ಲೇ ಇದೆ. ಹಾಲಿಗೆ ದರ ಹೇಳುವುದನ್ನೂ ಈ ಸೀಮೆ ಅಲ್ಲಿಂದಲೇ ಶುರುಮಾಡಬಹುದು.